ಸುಗಂಧರಾಜದ ಬಿತ್ತನೆ ಗೆಡ್ಡೆ: ಆಯ್ಕೆ ಮತ್ತು ಸಂರಕ್ಷಣೆ

ಸುಗಂಧರಾಜದ ಮೂಲ ಮೆಕ್ಸಿಕೊ. ಆದರೂ ಮೈಸೂರು, ತುಮಕೂರು, ಕೋಲಾರ ಮುಂತಾದ ಜಿಲ್ಲೆಗಳ ರೈತರಿಗೆ ಇದು ಚಿರಪರಿಚಿತ ಹೂವು. ಬೇಸಿಗೆ ನಾಟಿಗೆ ಮುನ್ನ ಭೂಮಿ, ಗೊಬ್ಬರ, ನೀರುಗಳ ಬಗ್ಗೆ ಸಾಕಷ್ಟು ಯೋಚಿಸುವ ರೈತರು ಗೆಡ್ಡೆಯನ್ನು ಮಾತ್ರ ಸಿಕ್ಕಿದ ಕಡೆಯಿಂದ ತರುತ್ತಾರೆ. ಮೊದಲ ವರ್ಷ ತಾಕಿನ ತುಂಬ ಎಲೆಯೇ ಬೆಳೆದು, ಹೂದಂಡು ಅಲ್ಲೊಂದು ಇಲ್ಲೊಂದು ಕಾಣಿಸುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. 30 × 20 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 67,000 ಗೆಡ್ಡೆ ಬೇಕು. ಇಷ್ಟಕ್ಕೆ ಹಣ ತೆತ್ತು ಒಂದು ವರ್ಷ ಹೂವಿಲ್ಲದೆ ಕಾಯುವುದು ಸಣ್ಣ ರೈತನಿಗೆ ತಡೆಯಲಾಗದ ಪೆಟ್ಟು.

ಒಮ್ಮೆ ಹೂದಂಡು ಕೊಟ್ಟ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ. ಅದರ ಸುತ್ತ ಹುಟ್ಟುವ ಮರಿಗೆಡ್ಡೆಗಳು ಬಲಿತು ಮುಂದಿನ ಹೂವನ್ನು ಕೊಡುತ್ತವೆ. ಅವು ಬಲಿಯುವುದು ಎಲೆಗಳು ತಯಾರಿಸಿದ ಆಹಾರದಿಂದ. ಆದುದರಿಂದ ಹೂದಂಡು ಕತ್ತರಿಸುವಾಗ ಎಲೆಗಳನ್ನೂ ಸೇರಿಸಿ ಕೊಯ್ಯಬಾರದು. ಮೂರು ವರ್ಷ ಕಳೆದ ಬುಡಗಳಲ್ಲಿ ಗೆಡ್ಡೆಗಳು ಒತ್ತೊತ್ತಾಗಿ, ದಂಡು ಗಿಡ್ಡವಾಗುತ್ತದೆ. ಆಗ ಅಗೆದು ಬೇರೆ ಭೂಮಿಯಲ್ಲಿ ನೆಡುವುದು ಅವಶ್ಯ.

ಗೆಡ್ಡೆ ನೋಡಿ ತಳಿ ಗುರುತಿಸಲಾಗದು. ಹೂ ಇರುವಾಗಲೇ ತೋಟ ಸುತ್ತಿ, ಉದ್ದ ದಂಡು ಮತ್ತು ಹೆಚ್ಚು ಮೊಗ್ಗು ಇರುವ ಬುಡಗಳಿಗೆ ಗೂಟ ನೆಟ್ಟು ಗುರುತು ಮಾಡಬೇಕು. ಬಿಡಿ ಹೂವಿಗೆ ಒಂಟಿಸುತ್ತಿನ ತಳಿ, ದಂಡಿನ ಮಾರಾಟಕ್ಕೆ ಹೆಚ್ಚು ಸುತ್ತಿನ ತಳಿ ಸೂಕ್ತ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಶೃಂಗಾರ್ ಮತ್ತು ಪ್ರಜ್ವಲ್ ಮೊದಲ ಬಗೆಯವು. ಸುವಾಸಿನಿ ಎರಡನೆಯ ಬಗೆಯದು.

ಚಳಿಗಾಲದಲ್ಲಿ ಹೂ ಕಡಿಮೆಯಾದಾಗ ಗೆಡ್ಡೆ ಅಗೆಯಬಹುದು. ಎರಡು ಮೂರು ವಾರ ಮೊದಲೇ ನೀರು ನಿಲ್ಲಿಸಬೇಕು. ಎಲೆ ಹಳದಿಯಾದ ಮೇಲೆ ನೆಲಮಟ್ಟಕ್ಕೆ ಕೊಯ್ದು, ಬುಡದಿಂದ ತುಸು ದೂರದಲ್ಲಿ ಗುದ್ದಲಿ ಹಾಕಿ ಗೆಡ್ಡೆಗೆ ಪೆಟ್ಟಾಗದಂತೆ ಎತ್ತಬೇಕು. ಅಗೆದ ಗೆಡ್ಡೆಯನ್ನು ಮರುದಿನವೇ ನೆಡುವುದು ಸರಿಯಲ್ಲ. ನಾಲ್ಕರಿಂದ ಆರು ವಾರ ವಿಶ್ರಾಂತಿ ಕೊಟ್ಟರೆ ಮೊಳಕೆ ಸಮನಾಗಿ ಬರುತ್ತದೆ. ಮಣ್ಣು, ಒಣಬೇರು ತೆಗೆದು, ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಿ, ಮೂರು ನಾಲ್ಕು ದಿನಕ್ಕೊಮ್ಮೆ ಕೈಯಾಡಿಸಬೇಕು. ಗೋಣಿಚೀಲದಲ್ಲಿ ತುಂಬಿ ಮೂಲೆಗಿಟ್ಟರೆ ಒಳಗಿನವು ಕೊಳೆತು, ಉಳಿದವನ್ನೂ ಕೆಡಿಸುತ್ತವೆ.

ನಾಟಿಗೆ 2ರಿಂದ 3 ಸೆಂ.ಮೀ. ದಪ್ಪದ, ಕದಿರಿನಾಕಾರದ, ಗಟ್ಟಿ ಗೆಡ್ಡೆಗಳು ಉತ್ತಮ. ಒಂದು ತಗಡಿನಲ್ಲಿ 2 ಸೆಂ.ಮೀ. ಅಗಲದ ರಂಧ್ರ ಕೊರೆದು, ಅದರಲ್ಲಿ ತೂರಿ ಬೀಳುವ ಗೆಡ್ಡೆಗಳನ್ನು ಮನೆಯವರೇ ಬೇರ್ಪಡಿಸಬಹುದು. ಹಾಗೆ ಉಳಿದ ಸಣ್ಣವನ್ನು ಎಸೆಯಬೇಕಾಗಿಲ್ಲ. ಪ್ರತ್ಯೇಕ ಮಡಿಯಲ್ಲಿ ಒಂದು ವರ್ಷ ಬೆಳೆಸಿದರೆ ಮರುವರ್ಷದ ನಾಟಿಗೆ ಒದಗುತ್ತವೆ. ಸಣ್ಣದು ದೊಡ್ಡದು ಬೆರೆಸಿ ನೆಟ್ಟ ತಾಕಿನಲ್ಲಿ ಹೂ ಒಂದೇ ಹದಕ್ಕೆ ಬಾರದೆ, ದಿನವೂ ಕೀಳುವ ಆಳಿನ ಕೂಲಿಯೂ ಹುಟ್ಟುವುದಿಲ್ಲ.

ಬೇರುಗಂಟು ಜಂತುಹುಳುವಿನ ಬಗ್ಗೆ ವಿಶೇಷ ಎಚ್ಚರ ಬೇಕು. ಗೆಡ್ಡೆ ಕೊಳ್ಳುವವರು ಮಾರುವವನ ಹೊಲಕ್ಕೇ ಹೋಗಿ, ನಾಲ್ಕಾರು ಬುಡ ಕೀಳಿಸಿ ಬೇರು ನೋಡಬೇಕು. ಬೇರಿನಲ್ಲಿ ಗಂಟುಗಳಿದ್ದರೆ, ಗೆಡ್ಡೆ ಎಷ್ಟೇ ದಪ್ಪವಿದ್ದರೂ ಬೇಡ. ಯಾರೋ ಕಿತ್ತು ಎಸೆದ ಗೆಡ್ಡೆ ಬಿಟ್ಟಿ ಸಿಕ್ಕಿತೆಂದು ಗಾಡಿಗೆ ಹೇರುವವರೂ ಉಂಟು. ಅದರೊಂದಿಗೆ ಬಂದ ಹುಳು ಹೊಲದಲ್ಲಿ ನೆಲೆಯೂರಿದರೆ ಮುಂದೆ ಬದನೆ, ಟೊಮೇಟೊ, ಬೆಂಡೆಗೂ ಕಾಟ ತಪ್ಪದು. ಹುಳುವಿರುವ ಭೂಮಿಯಲ್ಲಿ ಒಂದು ಬೆಳೆ ಚೆಂಡು ಹೂ ತೆಗೆಯುವುದು ಒಳ್ಳೆಯದು. ಶೃಂಗಾರ್ ತಳಿ ಈ ಹುಳುವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ.

ಬುಡ ಕೊಳೆ ರೋಗದಲ್ಲಿ ನೆಲಮಟ್ಟದಲ್ಲಿ ಬಿಳಿ ನೂಲಿನಂಥ ಬೂಷ್ಟೂ ಸಾಸಿವೆ ಕಾಳಿನಂಥ ಗುಂಡುಗಳೂ ಕಾಣುತ್ತವೆ. ಅಂತಹ ತಾಕಿನ ಗೆಡ್ಡೆಯೂ ಬಿತ್ತನೆಗೆ ಸಲ್ಲದು.

ಎಕರೆಗೆ 8ರಿಂದ 10 ಟನ್ ಕೊಟ್ಟಿಗೆ ಗೊಬ್ಬರಕ್ಕೆ ಬೇವಿನ ಹಿಂಡಿ ಮತ್ತು ಟ್ರೈಕೋಡರ್ಮ ಬೆರೆಸಿ ಭೂಮಿಗೆ ಸೇರಿಸಬೇಕು. ನೀರು ನಿಲ್ಲದ ಭೂಮಿಯೇ ಬೇಕು. ಮೊದಲು ನೀರು ಹಾಯಿಸಿ ಹದವಾದ ಮೇಲೆ, ಮೊಳಕೆಯ ತುದಿ ನೆಲಮಟ್ಟಕ್ಕೆ ಬರುವಂತೆ ಗೆಡ್ಡೆ ಊರಬೇಕು. ಮೊಳಕೆ ಕಾಣಿಸುವವರೆಗೆ ಪದೇ ಪದೇ ನೀರು ಕೊಡಬಾರದು. ಕೊಟ್ಟರೆ ಗೆಡ್ಡೆ ಮಣ್ಣಿನಲ್ಲೇ ಕೊಳೆಯುತ್ತದೆ.