ಸೌರ ಬಡಾವಣೆಯಲ್ಲಿ ಪ್ಲಾಟು ಕೊಳ್ಳುವವರ ಹಕ್ಕುಗಳು

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕು ಪಟ್ಟಣಗಳ ಅಂಚಿನಲ್ಲಿ, ಮೊನ್ನೆಮೊನ್ನೆಯವರೆಗೆ ಗೋವಿನಜೋಳವನ್ನೂ ಹತ್ತಿಯನ್ನೂ ಬೆಳೆಯುತ್ತಿದ್ದ ಹೊಲಗಳು ಗಡಿಗಲ್ಲು ನೆಟ್ಟ ಪ್ಲಾಟುಗಳಾಗಿ ಮಾರ್ಪಡುತ್ತಿರುವ ಈ ಕಾಲದಲ್ಲಿ, ಸೌರ ಬೀದಿದೀಪ, ಮಾಳಿಗೆಯ ಮೇಲಿನ ಸೌರ ಫಲಕ, ಸಿಸಿ ಕ್ಯಾಮೆರಾ, ಮೊಬೈಲಿನಿಂದಲೇ ತೆರೆಯುವ ಗೇಟು ಮುಂತಾದವುಗಳ ಹೆಸರು ಹೇಳಿ ನಿವೇಶನಗಳನ್ನು ಮಾರುವುದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಸೂರ್ಯನ ಶಕ್ತಿಯಿಂದ ಬಾಳುವ ಊರೆಂಬ ಕಲ್ಪನೆ ಉದಾತ್ತವಾದುದು, ಅಸಾಧ್ಯವಾದುದೂ ಅಲ್ಲ. ಗುಜರಾತಿನ ಮೊಢೇರಾ ಗ್ರಾಮವು 1300ಕ್ಕೂ ಹೆಚ್ಚು ಮನೆಗಳ ಮಾಳಿಗೆಯ ಫಲಕಗಳನ್ನೂ ಸನಿಹದ ಸುಜ್ಜನಪುರದಲ್ಲಿ ನೆಲದ ಮೇಲೆ ನಿಲ್ಲಿಸಿದ ಸ್ಥಾವರವನ್ನೂ ನೆಚ್ಚಿ ಹಗಲಿರುಳೂ ಸೌರ ವಿದ್ಯುತ್ತಿನಿಂದ ನಡೆಯುವ ಊರೆಂದು 2022ರ ಅಕ್ಟೋಬರಿನಲ್ಲಿ ಘೋಷಿತವಾಯಿತು. ಅಮೆರಿಕದ ಫ್ಲಾರಿಡಾದಲ್ಲಿ ಬ್ಯಾಬ್‌ಕಾಕ್ ರ‍್ಯಾಂಚ್ ಎಂಬ ಯೋಜಿತ ಪಟ್ಟಣವು ಅದೇ ವರ್ಷದ ಇಯಾನ್ ಚಂಡಮಾರುತದ ನಡುವೆಯೂ ದೀಪ ಆರದಂತೆ ಉಳಿದುಕೊಂಡಿತು. ಆದರೆ ಅಲ್ಲಿಯ ಸ್ಥಾವರ ಒಂದು ವಿದ್ಯುತ್ ಕಂಪನಿಯದು; ಮೊಢೇರಾದ್ದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಹಣದಿಂದ ಆದದ್ದು. ನಮ್ಮ ಖಾಸಗಿ ಬಡಾವಣೆಗಳಲ್ಲಿಯಾದರೋ, ಫಲಕ ಯಾರದು, ಮೀಟರು ಯಾರ ಹೆಸರಿನಲ್ಲಿದೆ, ಕೆಟ್ಟಾಗ ರಿಪೇರಿ ಯಾರ ಹೊಣೆ ಎಂಬ ಮೂರು ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರವಿಲ್ಲದೆಯೇ ಸಂಚಕಾರ ಕೈಬದಲಾಗುವುದುಂಟು. ಆ ಉತ್ತರವನ್ನು ಬರೆಹದಲ್ಲಿ ಪಡೆಯುವುದು ಕೊಳ್ಳುವವನ ಹಕ್ಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ನೆಲದ ಮಾತು. ಫಲಕ ಎಷ್ಟೇ ಹೊಳೆಯಲಿ, ಅದರ ಕೆಳಗಿನ ಭೂಮಿಯ ದಾಖಲೆ ಶುದ್ಧವಾಗಿರದಿದ್ದರೆ ಉಳಿದುದೆಲ್ಲವೂ ವ್ಯರ್ಥ. ಉತಾರವನ್ನು ತೆಗೆಸಿ ಅದರಲ್ಲಿ ಬ್ಯಾಂಕಿನದಾಗಲಿ ಸಹಕಾರಿ ಸಂಘದ್ದಾಗಲಿ ಬೋಜಾ ಇದೆಯೇ ಎಂಬುದನ್ನು ನೋಡತಕ್ಕದ್ದು; 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೆಯ ಕಲಮಿನ ಪ್ರಕಾರ ಜಮೀನು ಎನ್.ಎ. ಆಗಿದೆಯೇ ಎಂದು ಭೂಪರಿವರ್ತನೆಯ ಆದೇಶವನ್ನು ಕಣ್ಣಾರೆ ಓದತಕ್ಕದ್ದು. 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದನ್ವಯ ಅನುಮೋದಿತವಾದ ಬಡಾವಣೆಯ ನಕಾಶೆಯಲ್ಲಿ ತಾನು ಕೊಳ್ಳಲಿರುವ ಪ್ಲಾಟಿನ ಸಂಖ್ಯೆ ಇದೆಯೇ ಎಂದು ಬೆರಳಿಟ್ಟು ಹುಡುಕತಕ್ಕದ್ದು. ಮೂಲ ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, 1978ರ ವಿಶೇಷ ಕಾಯಿದೆಯಂತೆ ಅನುಮತಿಯಿಲ್ಲದೆ ಆದ ಮಾರಾಟ ಅಸಿಂಧುವಾಗುತ್ತದೆ. ಆದುದರಿಂದ ಹಳೆಯ ಮಂಜೂರಾತಿ ಕಡತದವರೆಗೂ ಹಿಂದಕ್ಕೆ ಹೋಗುವುದು ಕ್ಷೇಮ. ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ ದೊರೆತಿವೆಯೋ ಕೇವಲ 11ಬಿ ದೊರೆತಿದೆಯೋ ಎಂಬ ಭೇದವೂ, ಪಟ್ಟಣದೊಳಗೆ ಎ-ಖಾತಾ, ಬಿ-ಖಾತಾಗಳ ಭೇದವೂ ಗಣನೀಯ. ಎರಡನೆಯ ಬಗೆಯ ಕಾಗದ ತೆರಿಗೆ ಸಂದಾಯಕ್ಕೆ ಸಾಕ್ಷಿಯಾದೀತೇ ಹೊರತು ಬಡಾವಣೆಗೆ ಅನುಮೋದನೆ ಸಿಕ್ಕಿದೆಯೆಂಬುದಕ್ಕೆ ಪ್ರಮಾಣವಾಗದು. ಮಾರುವವರು ನಕಾಶೆಯ ಪ್ರತಿ ಕೊಡಲೊಪ್ಪದಿದ್ದರೆ, 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಡನೆ ಪುರಸಭೆಗೋ ಪಟ್ಟಣ ಪಂಚಾಯಿತಿಗೋ ಗ್ರಾಮ ಪಂಚಾಯಿತಿಗೋ ಅರ್ಜಿ ಕೊಡಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗಿರಬೇಕು, ಉತ್ತರ 30 ದಿನಗಳೊಳಗೆ ಬರಬೇಕು.

ಜನರು ರೇರಾ ಎಂದು ಕರೆಯುವ 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಅಧಿನಿಯಮವು ಬೆಂಗಳೂರಿನ ಗಗನಚುಂಬಿ ಕಟ್ಟಡಗಳಿಗೆ ಮಾತ್ರ ಅನ್ವಯಿಸತಕ್ಕದ್ದೆಂಬ ತಪ್ಪು ತಿಳಿವಳಿಕೆ ನಮ್ಮ ಕಡೆ ಬಲವಾಗಿದೆ. ಅಭಿವೃದ್ಧಿಪಡಿಸುವ ಭೂಮಿ 500 ಚದರ ಮೀಟರು, ಅಂದರೆ ಸುಮಾರು 5 ಗುಂಟೆಯನ್ನು ಮೀರಿತೆಂದರೆ, ಅದು ಹಿರೇಕೆರೂರಿನ ಪ್ಲಾಟುಗಳ ಬಡಾವಣೆಯಾದರೂ ನೋಂದಣಿಯಾಗದೆ ಜಾಹೀರಾತು ಕೊಡಲು, ಮುಂಗಡ ಪಡೆಯಲು ಅವಕಾಶವಿಲ್ಲ. ಮಾರಾಟದ ಒಪ್ಪಂದವನ್ನು ಬರೆದು ನೋಂದಾಯಿಸುವ ಮುನ್ನ ಒಟ್ಟು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚಿನ ಹಣವನ್ನು ಸ್ವೀಕರಿಸುವಂತಿಲ್ಲ. ಬಂದ ಹಣದ ಶೇಕಡಾ 70 ಭಾಗ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿದ್ದು ಆ ಯೋಜನೆಯ ಭೂಮಿ ಮತ್ತು ಕಾಮಗಾರಿಗೇ ವಿನಿಯೋಗವಾಗತಕ್ಕದ್ದು. ನಮ್ಮ ವಿಷಯಕ್ಕೆ ಅತ್ಯಂತ ಉಪಯುಕ್ತವಾದ ಕಲಮು 12ನೆಯದು: ಕರಪತ್ರದಲ್ಲಿಯೋ ಜಾಹೀರಾತಿನಲ್ಲಿಯೋ ಇದ್ದ ಸುಳ್ಳು ಹೇಳಿಕೆಯನ್ನು ನಂಬಿ ಹಣ ಕೊಟ್ಟವನು ನಷ್ಟಪರಿಹಾರ ಕೇಳಬಹುದು, ಅಥವಾ ಯೋಜನೆಯಿಂದ ಹಿಂದೆ ಸರಿದು ಕೊಟ್ಟ ಹಣವನ್ನು ಬಡ್ಡಿಸಹಿತ ಮರಳಿ ಪಡೆಯಬಹುದು. ಆದುದರಿಂದ ಸೌರ ದೀಪದ ಚಿತ್ರವಿರುವ ಕರಪತ್ರವನ್ನು ಖರೀದಿಯಾದ ಮರುದಿನವೇ ರದ್ದಿಗೆ ಹಾಕದೆ ಖರೀದಿ ಪತ್ರದ ಜೊತೆಯಲ್ಲಿಯೇ ಕಾದಿರಿಸಬೇಕು. ವಾಟ್ಸ್‌ಆಪ್‌ನಲ್ಲಿ ಬಂದ ಚಿತ್ರಗಳನ್ನೂ ಅಳಿಸಬಾರದು. ಸ್ವಾಧೀನ ಪಡೆದಂದಿನಿಂದ 5 ವರ್ಷಗಳೊಳಗೆ ಕಾಮಗಾರಿಯಲ್ಲಾಗಲಿ, ಗುಣಮಟ್ಟದಲ್ಲಾಗಲಿ, ಒದಗಿಸಿದ ಸೌಕರ್ಯಗಳಲ್ಲಾಗಲಿ ಕಂಡುಬಂದ ದೋಷವನ್ನು ತಿಳಿಸಿದ 30 ದಿನಗಳಲ್ಲಿ ಬಿಟ್ಟಿಯಾಗಿ ಸರಿಪಡಿಸಬೇಕೆಂದು 14ನೆಯ ಕಲಮು ವಿಧಿಸುತ್ತದೆ. ಸೌರ ಬೀದಿದೀಪದಲ್ಲಿ ಮೊದಲು ಸೋಲುವುದು ಫಲಕವಲ್ಲ, ಕಂಬದ ಪೆಟ್ಟಿಗೆಯೊಳಗಿನ ಬ್ಯಾಟರಿ. ಒಂದು ಮಳೆಗಾಲ ಕಳೆದ ಬಳಿಕ ಸಂಜೆ ಏಳಕ್ಕೆ ಹೊತ್ತಿ ಎಂಟಕ್ಕೆ ನಂದಿಹೋಗುವ ದೀಪವನ್ನು ವಿಧಿಯೆಂದು ಸಹಿಸಬೇಕಾಗಿಲ್ಲ. ದಿನಾಂಕವಿರುವ ಫೋಟೊ ತೆಗೆದು, ರಿಜಿಸ್ಟರ್ಡ್ ಅಂಚೆಯಲ್ಲಿ ದೂರು ಕಳುಹಿಸಿ, ರಸೀದಿಯನ್ನು ಇಟ್ಟುಕೊಂಡರೆ ಹಕ್ಕು ಜೀವಂತವಾಗಿರುತ್ತದೆ.

ಈಗ ವಿದ್ಯುತ್ತಿನ ವಿಚಾರ. ಬಡಾವಣೆಯ ಒಡೆಯನೇ ಒಂದು ಸ್ಥಾವರ ಕಟ್ಟಿ ಮನೆಮನೆಗೆ ತಂತಿ ಎಳೆದು ತಿಂಗಳ ಬಿಲ್ಲು ವಸೂಲು ಮಾಡುವೆನೆಂದರೆ, 2003ರ ವಿದ್ಯುತ್ ಅಧಿನಿಯಮದ 12ನೆಯ ಕಲಮನ್ನು ನೆನೆಯಬೇಕು: ಪರವಾನಗಿಯಾಗಲಿ ಕಾಯಿದೆಯ ವಿನಾಯಿತಿಯಾಗಲಿ ಇಲ್ಲದೆ ವಿದ್ಯುತ್ ವಿತರಣೆ ಮಾಡಲು ಯಾರಿಗೂ ಅಧಿಕಾರವಿಲ್ಲ. ನಮ್ಮ ಜಿಲ್ಲೆಯಲ್ಲಿ ವಿತರಣೆಯ ಪರವಾನಗಿ ಹೊಂದಿರುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ಹೆಸ್ಕಾಂ. ಪ್ರತಿ ಮನೆಗೂ ತನ್ನದೇ ಆರ್.ಆರ್. ನಂಬರ್ ಇರುವಂತೆ ನೋಡಿಕೊಳ್ಳುವುದು ಅತ್ಯವಶ್ಯ. ಗೃಹಜ್ಯೋತಿಯಂಥ ಯೋಜನೆಗೆ ಅರ್ಜಿ ಹಾಕುವಾಗಲೂ, ಸೌರ ಸಹಾಯಧನ ಕೇಳುವಾಗಲೂ ಮೊದಲು ಕೇಳುವುದು ಆ ಗ್ರಾಹಕ ಖಾತೆಯನ್ನೇ. ನಿವಾಸಿಗಳ ಸಂಘದ ಮೂಲಕ ಒಂದೇ ಸಂಪರ್ಕದಿಂದ ಎಲ್ಲ ಮನೆಗಳಿಗೂ ವಿದ್ಯುತ್ ಹಂಚುವ ಏರ್ಪಾಡಿದ್ದಲ್ಲಿ, 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರವರಿಯಲ್ಲಿ ತಂದ ತಿದ್ದುಪಡಿಯು ಪ್ರತ್ಯೇಕ ಸಂಪರ್ಕ ಬೇಕೋ ಬೇಡವೋ ಎಂಬುದನ್ನು ಮತದಾನದಿಂದ ನಿರ್ಧರಿಸುವ ಮಾರ್ಗವನ್ನು ತೆರೆದಿದೆ. ಅಲ್ಲದೆ ಕಂಪನಿಯಿಂದ ಬಂದ ವಿದ್ಯುತ್ತು, ಸಂಘ ಕೊಟ್ಟ ಬದಲಿ ವಿದ್ಯುತ್ತು, ಸಾಮಾನ್ಯ ಪ್ರದೇಶದ ಬಳಕೆ ಈ ಮೂರನ್ನೂ ಬೇರೆಬೇರೆ ಅಳೆದು ಬೇರೆಬೇರೆ ಬಿಲ್ಲು ಮಾಡಬೇಕೆಂದು ಹೇಳಿದೆ. ಎಲ್ಲವನ್ನೂ ಕಲಸಿ ಒಂದೇ ಮೊತ್ತವಾಗಿ ಕೇಳಿದರೆ ವಿವರ ಕೇಳುವುದು ಜಗಳಗಂಟತನವಲ್ಲ.

ತನ್ನ ಮಾಳಿಗೆಯ ಮೇಲೆ ತಾನೇ ಫಲಕ ಹಾಕಿಸುವವನಿಗೆ ಅದೇ ತಿದ್ದುಪಡಿ ಹಲವು ಅನುಕೂಲಗಳನ್ನು ಕೊಟ್ಟಿದೆ. 10 ಕಿಲೋವಾಟ್‌ವರೆಗಿನ ಅರ್ಜಿ ಸಂಪೂರ್ಣವಾಗಿದ್ದರೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆಯಿಲ್ಲದೆಯೇ ಅಂಗೀಕೃತವೆಂದು ಭಾವಿಸತಕ್ಕದ್ದು. 5 ಕಿಲೋವಾಟ್‌ವರೆಗೆ ಜಾಲವನ್ನು ಬಲಪಡಿಸುವ ಖರ್ಚು ಕಂಪನಿಯದೇ. ಪಿಎಂ ಸೂರ್ಯಘರ್ ಯೋಜನೆಯಡಿ ಮೊದಲ 2 ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಹೀಗೆ ಹೆಚ್ಚೆಂದರೆ 78,000 ರೂಪಾಯಿ ಸಹಾಯಧನವು ಗ್ರಾಹಕನ ಬ್ಯಾಂಕ್ ಖಾತೆಗೇ ಬರುತ್ತದೆ. ನಿವಾಸಿಗಳ ಸಂಘಕ್ಕೂ ಬೀದಿದೀಪ, ನೀರಿನ ಪಂಪು ಮುಂತಾದ ಸಾಮಾನ್ಯ ಬಳಕೆಗಾಗಿ ಕಿಲೋವಾಟ್‌ಗೆ 18,000ದಂತೆ ಸಹಾಯಧನವುಂಟು. ಒಂದು ಕಿಲೋವಾಟ್ ಫಲಕ ಒಳ್ಳೆಯ ಬಿಸಿಲಿನ ದಿನ 4ರಿಂದ 5 ಯೂನಿಟ್ ಕೊಡುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನ ಆಷಾಢದ ಮೋಡದಲ್ಲಿ ಅಷ್ಟನ್ನು ನಿರೀಕ್ಷಿಸಲಾಗದು. ದ್ವಿಮುಖ ಮೀಟರು ಬಂದ ಮೇಲೆ ಬಿಲ್ಲಿನಲ್ಲಿ ಒಳಬಂದ ಯೂನಿಟ್, ಹೊರಹೋದ ಯೂನಿಟ್ ಎಂಬ ಎರಡು ಅಂಕಿಗಳು ಕಾಣಬೇಕು. ಎರಡನೆಯದು ತಿಂಗಳ ಮೇಲೆ ತಿಂಗಳು ಸೊನ್ನೆಯಾಗಿಯೇ ಇದ್ದರೆ ಮೀಟರನ್ನೋ ಸಂಪರ್ಕವನ್ನೋ ಪರಿಶೀಲಿಸಲು ಲಿಖಿತವಾಗಿ ಕೇಳತಕ್ಕದ್ದು. ಇನ್ನೊಂದು ಸಂಗತಿಯನ್ನು ಮಾರಾಟಗಾರರು ಹೇಳುವುದು ವಿರಳ: ಬ್ಯಾಟರಿಯಿಲ್ಲದೆ ಜಾಲಕ್ಕೆ ಕೂಡಿಸಿದ ಸೌರ ಘಟಕವು ಕರೆಂಟು ಹೋದೊಡನೆ, ನಡುಹಗಲಿನ ಬಿಸಿಲಿದ್ದರೂ, ತಾನೂ ನಿಂತುಬಿಡುತ್ತದೆ. ಕಂಬವೇರಿದ ಲೈನ್‌ಮನ್ನನ ಜೀವರಕ್ಷಣೆಗಾಗಿ ಮಾಡಿದ ವ್ಯವಸ್ಥೆ ಅದು. ನಿರಂತರ ವಿದ್ಯುತ್ತೆಂದು ಹೇಳಿ ಮಾರಿ ಬ್ಯಾಟರಿ ಕೊಡದಿದ್ದರೆ, ಅದು ಮೇಲೆ ಹೇಳಿದ ರೇರಾದ 12ನೆಯ ಕಲಮಿನ ವ್ಯಾಪ್ತಿಗೆ ಬರುವ ಮಾತಾಗುತ್ತದೆ.

ಬಿಸಿಲಿನ ಮೇಲೆಯೇ ನನಗೆ ಹಕ್ಕುಂಟೆ ಎಂಬ ಪ್ರಶ್ನೆ ಹೊಸದೆನಿಸಿದರೂ ನ್ಯಾಯಶಾಸ್ತ್ರದಲ್ಲಿ ಹಳೆಯದೇ. 1882ರ ಈಸ್‌ಮೆಂಟ್ ಅಧಿನಿಯಮವು 1891ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಸ್ತರಿಸಲ್ಪಟ್ಟು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ನಮ್ಮ ಸೀಮೆಯ ಬಹುಭಾಗಕ್ಕೆ ಬಂದಿತು. ಅದರ 15ನೆಯ ಕಲಮಿನಂತೆ ಕಟ್ಟಡವೊಂದು 20 ವರ್ಷ ಅಡೆತಡೆಯಿಲ್ಲದೆ ಬೆಳಕನ್ನು ಅನುಭವಿಸಿದರೆ ಅದು ಹಕ್ಕಾಗುತ್ತದೆ. ಆದರೆ ನಿನ್ನೆ ಹಾಕಿದ ಫಲಕಕ್ಕೆ ಆ ರಕ್ಷಣೆ ಒದಗದು. ನಮ್ಮ ಅಕ್ಷಾಂಶದಲ್ಲಿ ಫಲಕಗಳನ್ನು ದಕ್ಷಿಣಕ್ಕೆ ವಾಲಿಸಿ ಕೂರಿಸುವುದರಿಂದ ದಕ್ಷಿಣದ ಪ್ಲಾಟಿನವನು ಮೂರಂತಸ್ತು ಏರಿಸಿದನೆಂದರೆ, ಸೂರ್ಯನು ದಕ್ಷಿಣಕ್ಕೆ ಬಾಗುವ ಮಾರ್ಗಶಿರ-ಪುಷ್ಯ ಮಾಸಗಳಲ್ಲಿ ಒಂದೆರಡು ಫಲಕಗಳ ಮೇಲೆ ಬಿದ್ದ ನೆರಳೇ ಸಾಲಿನ ಉಳಿದ ಫಲಕಗಳ ಉತ್ಪಾದನೆಯನ್ನೂ ಕುಗ್ಗಿಸುತ್ತದೆ. ಅವನು ಕಟ್ಟಡದ ನಿಯಮಗಳನ್ನು ಪಾಲಿಸಿದ್ದರೆ ತಡೆಯುವುದು ದುಸ್ಸಾಧ್ಯ. ಬಡಾವಣೆಯು ಸೌರಶಕ್ತಿಯ ಹೆಸರಿನಲ್ಲಿಯೇ ಮಾರಾಟವಾಗುತ್ತಿರುವಾಗ, ಎತ್ತರ ಮತ್ತು ಸೆಟ್‌ಬ್ಯಾಕಿನ ಷರತ್ತನ್ನು ಎಲ್ಲ ಖರೀದಿ ಪತ್ರಗಳಲ್ಲಿಯೂ ಒಂದೇ ಬಗೆಯಾಗಿ ಸೇರಿಸಬೇಕೆಂದು ಮೊದಲ ಖರೀದಿದಾರರೇ ಒಟ್ಟಾಗಿ ಒತ್ತಾಯಿಸುವುದು ನನ್ನ ದೃಷ್ಟಿಯಲ್ಲಿ ಉಳಿದೆಲ್ಲ ಸೌಕರ್ಯಗಳಿಗಿಂತ ಮುಖ್ಯ. ಪ್ಲಾಟುಗಳೆಲ್ಲ ಮಾರಿಹೋದ ಮೇಲೆ ಆ ಅವಕಾಶ ಮರಳಿ ಬಾರದು.

ಇನ್ನು ಸಾಮಾನ್ಯ ಜಾಗ ಮತ್ತು ಖಾಸಗಿತನದ ಮಾತು. ಉದ್ಯಾನಕ್ಕೆ ಮೀಸಲಾದ ಜಾಗದಲ್ಲಿ ಬೇರೇನನ್ನೋ ಕಟ್ಟಹೊರಟರೆ ನಿವಾಸಿಗಳು ಸುಮ್ಮನಿರಬೇಕಾಗಿಲ್ಲ. ಬೆಂಗಳೂರಿನ ಬಡಾವಣೆಯೊಂದರ ಉದ್ಯಾನಸ್ಥಳವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟುದನ್ನು ಅಲ್ಲಿಯ ನಿವಾಸಿಗಳೇ ಪ್ರಶ್ನಿಸಿದಾಗ, 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮುದ್ದಪ್ಪ ಪ್ರಕರಣದಲ್ಲಿ ಅವರ ಪರವಾಗಿ ತೀರ್ಪಿತ್ತಿತು. ಕ್ಯಾಮೆರಾ ಮತ್ತು ಆ್ಯಪ್‌ಗಳ ವಿಷಯದಲ್ಲಿ 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹಂತಹಂತವಾಗಿ ಜಾರಿಗೆ ಬರುತ್ತಿದ್ದು, ಗೇಟಿನ ಆ್ಯಪ್ ನಮ್ಮ ಯಾವ ವಿವರವನ್ನು ಏತಕ್ಕಾಗಿ ಸಂಗ್ರಹಿಸುತ್ತದೆಂದು ತಿಳಿಸಿ ಸಮ್ಮತಿ ಪಡೆಯಬೇಕೆಂಬುದು ಅದರ ಸಾರ. ಕ್ಯಾಮೆರಾ ಬೀದಿಯನ್ನು ನೋಡಲಿ. ನೆರೆಯವರ ಅಂಗಳದ ಬಚ್ಚಲನ್ನಲ್ಲ.

ದೂರು ಕೊಡುವ ಬಾಗಿಲುಗಳು ಬೇರೆಬೇರೆ. ಬಡಾವಣೆ ಕಟ್ಟಿದವರ ಮೇಲೆ ರೇರಾದ 31ನೆಯ ಕಲಮಿನಂತೆ ಆನ್‌ಲೈನಿನಲ್ಲಿಯೇ ದೂರು ಸಲ್ಲಿಸಬಹುದು. ವಿದ್ಯುತ್ತಿನ ತಕರಾರಿಗೆ ಮೊದಲು 1912ಕ್ಕೆ ಕರೆಮಾಡಿ ದೂರಿನ ಸಂಖ್ಯೆ ಪಡೆದು, ಬಳಿಕ ಹೆಸ್ಕಾಂನ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಅಲ್ಲಿಯೂ ತೃಪ್ತಿಯಾಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್‌ಗೂ ಹೋಗಬೇಕು. ಸೌಕರ್ಯಗಳ ಭರವಸೆಯೊಡನೆ ಮಾರಿದ ಪ್ಲಾಟು ಬರಿಯ ಜಮೀನು ಮಾರಾಟವಲ್ಲ, ಸೇವೆಯೂ ಹೌದೆಂದು 2012ರ ನಾರ್ನೆ ಕನ್‌ಸ್ಟ್ರಕ್ಷನ್ ತೀರ್ಪು ಹೇಳಿರುವುದರಿಂದ ಹಾವೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು: ಕಾರಣ ಉಂಟಾದ 2 ವರ್ಷಗಳೊಳಗೆ ಹೋಗಬೇಕು, ಕೊಟ್ಟ ಬೆಲೆ 50 ಲಕ್ಷದೊಳಗಿರಬೇಕು, 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರ ಖರ್ಚಿಗೆ ಅಂಜಿ ಹಿಂಜರಿಯುವವರಿಗೆ ನಾಲ್ಕೂ ತಾಲ್ಲೂಕುಗಳ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. 1987ರ ಕಾನೂನು ಸೇವಾ ಅಧಿನಿಯಮದ 12ನೆಯ ಕಲಮಿನಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ-ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಅಲ್ಲಿ ವಕೀಲರ ನೆರವು ಉಚಿತ, ಸಹಾಯವಾಣಿ 15100.