ಹೆಸರು ಬರುವ ಮೊದಲೇ ನಿಯಮ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಪದವಿ ಕಾಲೇಜುಗಳಲ್ಲಿ ಪ್ರಾಂಶುಪಾಲರ, ವಿಭಾಗದ ಮುಖ್ಯಸ್ಥರ ನೈತಿಕತೆಗೆ ಪರೀಕ್ಷೆ ಬರುವುದು ಕಾರ್ಯಭಾರದ ಪಟ್ಟಿ ಸಿದ್ಧವಾಗುವ ದಿನ. ಕನ್ನಡ ವಿಭಾಗದಲ್ಲಿ ಆ ಪಟ್ಟಿಗೆ ಸಹಿ ಹಾಕುತ್ತ ಬಂದವನಾಗಿ ಇದನ್ನು ಹೇಳುತ್ತಿದ್ದೇನೆ.

2022ರ ಜನವರಿಯನ್ನೇ ನೋಡಿ. ಅತಿಥಿ ಉಪನ್ಯಾಸಕರ ಮುಷ್ಕರದ ಬಳಿಕ ಸರ್ಕಾರ ಗೌರವಧನ ಏರಿಸಿತು. ಅದುವರೆಗೆ ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 13,000 ರೂಪಾಯಿ, ಇಲ್ಲದವರಿಗೆ 11,000. ಹೊಸ ಆದೇಶದಲ್ಲಿ ಅರ್ಹತೆ, ಅನುಭವ ನೋಡಿ 26,000ದಿಂದ 32,000. ಎಂದೋ ಆಗಬೇಕಿದ್ದ ನ್ಯಾಯ. ಜೊತೆಗೇ ವಾರಕ್ಕೆ 8–10 ಗಂಟೆಯ ಪಾಠ 15 ಗಂಟೆಯಾಯಿತು. ಮೂವರು ಹಂಚಿಕೊಂಡಿದ್ದ 30 ಗಂಟೆಗೆ ಇನ್ನು ಇಬ್ಬರೇ ಸಾಕು.

ಮೂರನೆಯವರು ಎಲ್ಲಿಗೆ ಹೋಗಬೇಕು?

ಆಯ್ಕೆ ಇಲಾಖೆಯ ಮಟ್ಟದಲ್ಲಿ ನಡೆದರೂ ಎಷ್ಟು ಗಂಟೆ ಖಾಲಿ ಇದೆಯೆಂದು ಬರೆದು ಕಳಿಸುವುದು ಕಾಲೇಜು. ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಮೇಷ್ಟ್ರೊಬ್ಬರು, "ಸಾರ್, ಆ ತರಗತೀನ ಎರಡು ಸೆಕ್ಷನ್ ಮಾಡಿಬಿಡಿ, ನನ್ನ ಗಂಟೆ ಉಳ್ಕೊಳ್ತವೆ" ಅಂದರು. ಕೇಳಿದ್ದು ತಪ್ಪೆನ್ನಲಾರೆ, ಅವರ ಮನೆ ನಡೆಯಬೇಕು. ಆದರೆ ಎರಡು ಸೆಕ್ಷನ್ನಿಗೆ ಸಾಲುವಷ್ಟು ಮಕ್ಕಳಿರಲಿಲ್ಲ. ಅವರಿಗಾಗಿ ಲೆಕ್ಕ ತಿದ್ದಿದರೆ, ನಾಳೆ ಶಿಫಾರಸು ಹಿಡಿದು ಬರುವವರಿಗೆ ಇಲ್ಲವೆನ್ನಲು ಬಾಯಿ ಇರದು. ಆಮೇಲಿಂದ ಸೆಕ್ಷನ್ನಿಗೆ ಎಷ್ಟು ಮಕ್ಕಳು, ಗಂಟೆಯ ಲೆಕ್ಕ ಹೇಗೆ ಎಂಬುದನ್ನು ವಿಭಾಗದ ಸಭೆಯಲ್ಲೇ ತೀರ್ಮಾನಿಸಿ, ನಡಾವಳಿ ಬರೆದು, ಸೂಚನಾ ಫಲಕಕ್ಕೆ ಹಾಕತೊಡಗಿದೆವು. ಯಾರು ಉಳಿಯುತ್ತಾರೆ ಎಂಬ ಮಾತು ಅದಾದ ಮೇಲೆ. ಆ ಮೇಷ್ಟ್ರ ಸೇವಾನುಭವ ಪತ್ರವನ್ನು ತಡಮಾಡದೆ ಮಾಡಿಸಿಕೊಟ್ಟೆವು. ಐದು ವರ್ಷ ದಾಟಿದ ಅನುಭವಕ್ಕೆ ಹೊಸ ಆದೇಶದಲ್ಲಿ ಹೆಚ್ಚು ಗೌರವಧನವಿತ್ತು. ನಿಯಮದೊಳಗೆ ಕೊಡಬಹುದಾದದ್ದನ್ನು ಸತಾಯಿಸದೆ ಕೊಡುವುದೂ ಮುಖ್ಯಸ್ಥರ ಹೊಣೆಯೇ.

ನಿಯಮ ಕೈಗೆ ಸಿಗದ ಜಾಗಗಳೂ ಇವೆ. ಸಂಶೋಧನಾ ಪ್ರಬಂಧಗಳ ಪರಿಶೀಲನೆ ಅಂಥದ್ದೊಂದು. ಕೃತಿಚೌರ್ಯದ ಬಗ್ಗೆ ಯುಜಿಸಿ ನಿಯಮ ಬಂದದ್ದು 2018ರಲ್ಲಿ. ಹೋಲಿಕೆ ಶೇ. 10ರೊಳಗಿದ್ದರೆ ದಂಡನೆಯಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಕನ್ನಡ ಪ್ರಬಂಧ ಯೂನಿಕೋಡಿನಲ್ಲಿ ಇರುವುದಿಲ್ಲ. ಹೋಲಿಕೆ ಹುಡುಕುವ ತಂತ್ರಾಂಶಕ್ಕೆ ಅದು ಕನ್ನಡ ಅಕ್ಷರವಾಗಿಯೇ ಕಾಣದು. ಅಂಥ ಪ್ರಬಂಧಕ್ಕೆ ಬರುವ ಕಡಿಮೆ ಅಂಕಿಯನ್ನು ನಂಬುವುದು ಸುಲಭ, ಅನುಕೂಲ ಕೂಡ. ವಿಶ್ವವಿದ್ಯಾಲಯಗಳು ಕನ್ನಡ ಪ್ರಬಂಧಗಳನ್ನು ಯೂನಿಕೋಡಿನಲ್ಲೇ ಕೇಳಿ ಪಡೆಯಬೇಕು. ಅದಾಗುವವರೆಗೆ ಗ್ರಂಥಾಲಯದ ಹಳೆಯ ಪ್ರಬಂಧಗಳನ್ನು ಪಕ್ಕದಲ್ಲಿಟ್ಟುಕೊಂಡು ಮಾರ್ಗದರ್ಶಕರು, ಮುಖ್ಯಸ್ಥರು ಓದಬೇಕು, ಓದಿದ ಮೇಲೆಯೇ ಸಹಿ ಹಾಕಬೇಕು.