ಬಂಡೆಗಳ ನಡುವೆ ಒಂದು ಡಬ್ಬಿ

ಕೂಡ್ಲಿಗಿಯಿಂದ ಗುಡೇಕೋಟೆಯ ಕಡೆಗೆ ಹೋಗುವವರಿಗೆ ದಾರಿಯುದ್ದಕ್ಕೂ ಕಾಣುವುದು ಕಲ್ಲು. ಗುಂಡಿನ ಮೇಲೆ ಗುಂಡು ಕುಳಿತ ಈ ಗುಡ್ಡಗಳು ರಾಮನಗರದ ಕಡೆಯಿಂದ ಹಂಪಿಯ ಕಡೆಗೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿಗೆ ಸೇರಿದವು. ವಯಸ್ಸು ಸುಮಾರು ೨೫೦ ಕೋಟಿ ವರ್ಷ. ನಮ್ಮೂರು ಅಂಥದೊಂದು ಗುಡ್ಡದ ಬುಡದಲ್ಲಿದೆ. ಕಳೆದ ದೀಪಾವಳಿಯ ರಜೆಯಲ್ಲಿ ಮನೆಮಂದಿಯೆಲ್ಲ ಆ ಗುಡ್ಡ ಹತ್ತಿ ಆಡಿದ ಆಟವೊಂದನ್ನೂ ಅದರ ಹಿಂದಿರುವ ಶಾಸ್ತ್ರವನ್ನೂ ಸಹಪಾಠಿಗಳಿಗೆ ಅರಿಕೆ ಮಾಡುವುದೇ ಈ ಲೇಖನದ ಉದ್ದೇಶ.

ಆಟದ ಹೆಸರು ಜಿಯೋಕ್ಯಾಶಿಂಗ್. ಒಬ್ಬನು ಡಬ್ಬಿಯೊಂದನ್ನು ಬಚ್ಚಿಟ್ಟು ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ತಿಳಿಸುತ್ತಾನೆ. ಉಳಿದವರು ಆ ಅಂಕಿಗಳನ್ನು ಹಿಡಿದು ಹೋಗಿ ಹುಡುಕಿ, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರಬೇಕು. ಒಳಗಿನ ವಸ್ತುವನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯದೊಂದನ್ನು ಇಡಬೇಕು.

ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳ ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂದೇ ಕೆಡಿಸಿ ಕೊಡುವ ಪದ್ಧತಿ ೨೦೦೦ದ ಮೇ ತಿಂಗಳವರೆಗೆ ಇದ್ದಿತು. ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. ಮೇ ೨ರಂದು ಅದು ನಿಂತಿತು. ಮಾರನೆಯ ದಿನವೇ ಆರೆಗಾನ್ ಸಂಸ್ಥಾನದಲ್ಲಿ ಡೇವ್ ಉಲ್ಮರ್ ಎಂಬಾತನು ಒಂದು ಬಕೆಟ್ಟನ್ನು ಕಾಡಿನಲ್ಲಿ ಇಟ್ಟು ಅಂಕಿಗಳನ್ನು ಪ್ರಕಟಿಸಿದನು. ಇದೇ ಆಟದ ಆರಂಭ. ಆ ಬಕೆಟ್ಟು ಅರ್ಧ ಹೂತಿತ್ತಂತೆ. ಅನಂತರ ಆಟಕ್ಕೆ ಬಂದ ನಿಯಮ ಬೇರೆ: ಡಬ್ಬಿಗಾಗಿ ನೆಲವನ್ನು ಅಗೆಯಕೂಡದು. ಈ ನಿಯಮದ ಬೆಲೆ ನನಗೆ ತಿಳಿದದ್ದು ಗುಡ್ಡದ ಮೇಲೆಯೇ.

ಕೂಡ್ಲಿಗಿ ಪಟ್ಟಣವು ಸುಮಾರು ೧೪ ಡಿಗ್ರಿ ೫೪ ಮಿನಿಟು ಉತ್ತರ ಅಕ್ಷಾಂಶ, ೭೬ ಡಿಗ್ರಿ ೨೩ ಮಿನಿಟು ಪೂರ್ವ ರೇಖಾಂಶದಲ್ಲಿದೆ. ಅಕ್ಷಾಂಶದ ಒಂದು ಮಿನಿಟು ಎಂದರೆ ನೆಲದ ಮೇಲೆ ೧.೮೫ ಕಿಲೋಮೀಟರು. ಮಿನಿಟಿನ ಸಾವಿರದಲ್ಲೊಂದು ಭಾಗದವರೆಗೆ ಬರೆದರೆ ಎರಡು ಮೀಟರಿಗೂ ಕಡಮೆಯ ಜಾಗವನ್ನು ಹೆಸರಿಸಿದಂತಾಯಿತು. ೨೦,೨೦೦ ಕಿಲೋಮೀಟರು ಎತ್ತರದ ಉಪಗ್ರಹಗಳು ತಮ್ಮ ಗಡಿಯಾರದ ಹೊತ್ತನ್ನು ಸಾರುತ್ತಿರುತ್ತವೆ. ಸಂಕೇತವು ಬೆಳಕಿನ ವೇಗದಲ್ಲಿ ಬಂದು ಸೇರಲು ಹಿಡಿದ ಕಾಲದಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಮೂರು ದೂರಗಳಿಂದ ಸ್ಥಳ ಗೊತ್ತಾಗುತ್ತದೆ. ಫೋನಿನ ಗಡಿಯಾರದ ತಪ್ಪನ್ನು ತಿದ್ದಲು ನಾಲ್ಕನೆಯ ಉಪಗ್ರಹ ಬೇಕು. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ ೩೦೦ ಮೀಟರು ತಪ್ಪಿದಂತೆ! ಆದರೆ ದೊಡ್ಡ ಬಂಡೆಗಳು ಆಕಾಶವನ್ನು ಮರೆಮಾಡುತ್ತವೆ; ಸಂಕೇತವು ಕಲ್ಲಿಗೆ ಬಡಿದು ಸುತ್ತಿ ಬರುವುದೂ ಉಂಟು.

ಶನಿವಾರ ನಾನೊಬ್ಬನೇ ಹೋಗಿ ಅವ್ವನ ಹಳೆಯ ಸ್ಟೀಲಿನ ಡಬ್ಬಿಯಲ್ಲಿ ನೋಟುಪುಸ್ತಕ, ಪೆನ್ಸಿಲು, ನಾಲ್ಕು ಗೋಲಿ, ಒಂದು ಬುಗುರಿ ಹಾಕಿ ಬಂಡೆಯ ಸಂದಿನಲ್ಲಿ ಇಟ್ಟು ಬಂದೆ. ಬೆಂಡು ಬತ್ತಾಸು ಇಡೆಂದು ತಮ್ಮನು ಹಟ ಹಿಡಿದಿದ್ದನು. ತಿನಿಸಿನ ವಾಸನೆಗೆ ಕಾಡುಪ್ರಾಣಿ ಬರುತ್ತದೆಂದು ಈ ಆಟದಲ್ಲಿ ಅದನ್ನು ಇಡುವುದಿಲ್ಲ. ನಮ್ಮ ಕಡೆ ಕರಡಿಯ ಭಯ ಬೇರೆ. ಭಾನುವಾರ ಬಿಸಿಲೇರಿದ ಮೇಲೆ ಅಪ್ಪ, ಅವ್ವ, ತಂಗಿ, ತಮ್ಮ ಎಲ್ಲರೂ ಹೊರಟೆವು. ತಂಗಿಯ ಕೈಯಲ್ಲಿ ಫೋನು. ಅದು “ಬಂದಿರಿ” ಎಂದು ತೋರಿಸಿದ ಜಾಗದಲ್ಲಿ ಅರ್ಧ ಗಂಟೆ ಹುಡುಕಿದರೂ ಡಬ್ಬಿ ಇಲ್ಲ. ಇಟ್ಟವನಾದ ನನಗೇ ಗುರುತು ಸಿಕ್ಕದೆ ನಾಚಿಕೆಯಾಯಿತು. ಎಲ್ಲ ಗುಂಡುಗಳೂ ಒಂದೇ ತೆರನಾಗಿ ಕಂಡವು.

ನೆರಳಿಗೆ ಕುಳಿತಿದ್ದ ಅಪ್ಪ ಆಗ ಕೇಳಿದನು: “ಡಬ್ಬಿ ಇಟ್ಟು ಎದ್ದು ನಿಂತಾಗ ನಿನಗ ಏನು ಕಾಣತಿತ್ತು?”

“ಕೆರೆ ಕೋಡಿ ಮ್ಯಾಲೆ ಸರಿಯಾಗಿ ಗುಡಿ ಕಳಸ ಕಾಣತಿತ್ತು. ಎಡಕ್ಕ ಜೋಡಿಗುಂಡಿನ ಸಂದಿನಾಗ ದೊಡ್ಡ ಹುಣಸೀಮರ.”

“ಹಂಗಾರ ಅದು ತೊಟ್ಟಿಲಗುಂಡು. ಇಲ್ಲ್ಯಾಕ ಹುಡುಕತೀರಿ?”

ಮೂವತ್ತು ಹೆಜ್ಜೆ ಆಚೆಗೆ ನಡೆದು ಅಪ್ಪ ನಿಂತನು. ತಂಗಿ ಕೈಹಾಕಿದೊಡನೆ ಡಬ್ಬಿ ಸಿಕ್ಕಿತು. ಎರಡು ನೇರಗೆರೆಗಳು ಒಂದನ್ನೊಂದು ಕತ್ತರಿಸುವ ಬಿಂದುವಿನಲ್ಲಿ ತಾನು ನಿಂತಿರುವೆನೆಂದು ತಿಳಿಯುವ ಈ ರೀತಿ ಭೂಮಾಪನದವರಿಗೆ ಹೊಸದಲ್ಲ. ೧೮೦೨ರಲ್ಲಿ ಮದರಾಸಿನ ಬಳಿ ಲ್ಯಾಂಬ್ಟನ್ ಆರಂಭಿಸಿದ ತ್ರಿಕೋನಮಿತಿಯ ಮೋಜಣಿಯೂ ದೂರದ ಗುರುತುಗಳ ಕಡೆಗಿನ ಕೋನಗಳನ್ನೇ ನಂಬಿತ್ತು. ಅಪ್ಪನಿಗೆ ಅದನ್ನು ಕಲಿಸಿದ್ದು ತಪ್ಪಿಸಿಕೊಂಡ ಕುರಿಗಳು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನೆಂಬ ಹೆಮ್ಮೆ ಅಂದು ಸ್ವಲ್ಪ ಇಳಿಯಿತು.

ಡಬ್ಬಿ ತೆರೆದು ಕುಳಿತಿರುವಾಗ ಪಕ್ಕದೂರಿನ ಇಬ್ಬರು ಹಿರಿಯರು ಕೋಲು ಹಿಡಿದು ಬಂದರು. “ಏನು ಅಗಿಯಾಕ ಹತ್ತೀರಿ? ಫೋನಿನಾಗ ನಿಧಿ ತೋರಸತೈತೇನು?” ಎಂದು ಒಬ್ಬರು ಗದರಿದರು. ನನಗೆ ಸಿಟ್ಟು ಬಂದಿತು. ಆದರೆ ಅವರ ಮಾತಿನಲ್ಲಿ ತಪ್ಪೇನಿತ್ತು? ಪಾಳೆಯಗಾರರ ಹೊನ್ನು ಹೂತಿದೆಯೆಂಬ ಆಸೆಯಿಂದ ರಾತ್ರಿ ಬಂದು ಗುಡಿಯ ಪೀಠ ಕಿತ್ತವರನ್ನೂ, ಬಸವಣ್ಣನ ಬೆನ್ನು ಒಡೆದವರನ್ನೂ ಕಂಡ ಸೀಮೆ ನಮ್ಮದು. ಊರಿನವರಿಗೆ ಮೊದಲೇ ಹೇಳದೆ ಹೋದುದು ನನ್ನ ತಪ್ಪು. ಜಾಗದ ಒಡೆಯರ ಒಪ್ಪಿಗೆ ಪಡೆಯಬೇಕೆಂಬುದೂ ಆಟದ ನಿಯಮವೇ. ಬಾಗಳಿಯ ಕಲ್ಲೇಶ್ವರ, ಉಚ್ಚಂಗಿದುರ್ಗದ ಕೋಟೆ ಮುಂತಾದ ಕಡೆಗಳಲ್ಲಿಯೂ, ಗುಡೇಕೋಟೆಯ ಕರಡಿಧಾಮದೊಳಗೂ ಇಂಥ ಡಬ್ಬಿಯನ್ನು ಯಾರೂ ಇಡಕೂಡದೆಂದು ನನ್ನ ಖಚಿತ ಅಭಿಪ್ರಾಯ.

ಅಪ್ಪ ಡಬ್ಬಿಯನ್ನೇ ಅವರ ಮುಂದೆ ಸರಿಸಿ, “ನೋಡ್ರಿ ಯಜಮಾನ್ರೆ, ಹುಡುಗರ ಬುಗುರಿ” ಎಂದನು. ಅವರು ನಕ್ಕರು. ಅವ್ವ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಪುಸ್ತಕದಲ್ಲಿ ಅಪ್ಪ ರಾತ್ರಿಶಾಲೆಯಲ್ಲಿ ಕಲಿತ ರುಜು ಹಾಕಿದನು. ಬರೆಯಲು ಬಾರದ ಹಿರಿಯರು ಹೆಸರು ಹೇಳಿ ತಂಗಿಯಿಂದ ಬರೆಸಿದರು. ತೊಟ್ಟಿಲಗುಂಡಿನ ಮಾತು ಬಂದಾಗ, ತಮ್ಮೂರಿನವರು ಅದನ್ನು ಬಾಣಂತಿಗುಂಡು ಎನ್ನುತ್ತಾರೆಂದು ಒಬ್ಬರು ವಾದಿಸಿದರು. ಅಪ್ಪ ಒಪ್ಪಲಿಲ್ಲ. ವಾದ ಬೆಳೆದು ಒಂದೊಂದು ಬಂಡೆಯ ಹೆಸರೂ ಹೊರಬಂದಿತು. ಸಂಜೆಯೊಳಗೆ ತಂಗಿ ಹದಿನೇಳು ಹೆಸರು ಬರೆದುಕೊಂಡಳು. ಫೋನಿನ ನಕ್ಷೆಯಲ್ಲಿ ಆ ಗುಡ್ಡ ಬರಿಯ ಹಸಿರು ಬಣ್ಣ, ಒಂದು ಹೆಸರೂ ಇಲ್ಲ.

ಮರುದಿನ ಡಬ್ಬಿಯ ಮುಚ್ಚಳದ ಮೇಲೆ, “ಇದು ಆಟದ ಡಬ್ಬಿ, ನಿಧಿಯಲ್ಲ. ಅಗೆಯಬೇಡಿರಿ. ಹೆಸರು ಬರೆದು ಇಲ್ಲಿಯೇ ಇಡಿರಿ” ಎಂದು ಬಣ್ಣದಲ್ಲಿ ಬರೆದು, ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದವರಿಗೆಲ್ಲ ತೋರಿಸಿ ಮತ್ತೆ ಇಟ್ಟು ಬಂದೆವು. ಅಂಕಿಗಳ ಕೆಳಗೆ ಬಂಡೆಯ ಎರಡು ಹೆಸರುಗಳನ್ನೂ ಬರೆದಿದ್ದೇವೆ.